ಭುಜ ನೋವು ಇರುವವರು ಓದಿ
ನಮ್ಮ ದಾವಣಗೆರೆ ಜಿಮ್ ಗುಂಪಿನಲ್ಲಿ ಭುಜ ನೋಯುತ್ತಿದ್ದರೂ ಭಾರ ಎತ್ತುತ್ತಿರುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಭುಜದ ಕೀಲನ್ನು ಹಿಡಿದಿಡುವುದು ರೊಟೇಟರ್ ಕಫ್ ಎಂಬ 4 ಸ್ನಾಯುಗಳು. ಅವಕ್ಕೆ ಪೆಟ್ಟಾದರೆ ವಾಸಿಯಾಗಲು ಎಷ್ಟೋ ಸಲ ತಿಂಗಳುಗಟ್ಟಲೆ ಬೇಕು. ದಯವಿಟ್ಟು ನೋವಿನ ಮಾತ್ರೆ ನುಂಗಿ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಭಾರ ಎತ್ತುವುದು) ಮಾಡಬೇಡಿ, ನೋವು ಗೊತ್ತಾಗದಿದ್ದರೆ ಇನ್ನೂ ಜಾಸ್ತಿ ಎತ್ತಿಬಿಡುತ್ತೀರಿ. ತಲೆಗಿಂತ ಮೇಲಕ್ಕೆ ಭಾರ ಎತ್ತುವುದು, ಕುತ್ತಿಗೆ ಹಿಂದೆ ಬಾರ್ ಇಳಿಸುವುದು ಸದ್ಯಕ್ಕೆ ಬಿಡಿ. ಹಾಗಂತ ಕೈಯನ್ನು ಸುಮ್ನೆ ಅಲ್ಲಾಡಿಸದೆ ಇಟ್ಟರೂ ಭುಜ ಬಿಗಿದುಕೊಳ್ಳುತ್ತದೆ, ಫಿಸಿಯೋ ಹತ್ತಿರ ಕಲಿತು ರಬ್ಬರ್ ಬ್ಯಾಂಡಿನಲ್ಲಿ ಹಗುರವಾಗಿ ಮಾಡಿ. ಕಾಲಿಗೆ ಲೆಗ್ ಪ್ರೆಸ್ ಮಾಡಬಹುದು. ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ, ಕೈ ಮೇಲೆತ್ತಲು ಆಗದಿದ್ದರೆ, ಮೂಳೆ ಡಾಕ್ಟರಿಗೆ ಬೇಗ ತೋರಿಸಿ. ಗರಡಿಗೆ ಹೋಗುವ ಹುಡುಗರಿಗೂ ಇದನ್ನು ಕಳಿಸಿ, ದಂಡ ಹೊಡೆಯುವಾಗಲೂ ಭಾರ ಬೀಳುವುದು ಇದೇ ಭುಜಕ್ಕೆ ಅಲ್ವಾ.