ನ್ಯೂಟ್ರಿನೊ ಕಥೆಯಲ್ಲಿ ಕೋಲಾರದ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ನಮ್ಮ ಶಾಲೆಯ ಮಕ್ಕಳೊಂದಿಗೆ ಕೆಜಿಎಫ್‌ಗೆ ಹೋಗಿದ್ದೆ. ಚಿನ್ನದ ಕಥೆ ಹೇಳುವವರು ಬೇಕಾದಷ್ಟು ಮಂದಿ ಸಿಕ್ಕರು. ಅಲ್ಲಿನ ಗಣಿಯಾಳದಲ್ಲಿ ಒಮ್ಮೆ ಪತ್ತೆಯಾದ ಸೂಕ್ಷ್ಮ ಕಣ ನ್ಯೂಟ್ರಿನೊ ಎಂದಾಗ ಮಾತ್ರ ಎಲ್ಲರೂ ಮುಖ ಮುಖ ನೋಡಿಕೊಂಡರು. ಭೌತಶಾಸ್ತ್ರ ಕಲಿಸುವ ನನಗೆ ಇದು ನುಂಗಲಾರದ ನೋವು.

ಜಪಾನಿನ ಟೊಕಾಯ್‌ನಲ್ಲಿರುವ ಕಣ ವೇಗವರ್ಧಕದಿಂದ ಮ್ಯೂವಾನ್ ಎಂಬ ಬಗೆಯ ನ್ಯೂಟ್ರಿನೊಗಳ ಕಿರಣಪುಂಜವನ್ನು ನೆಲದೊಳಗೇ ಹಾಯಿಸುತ್ತಾರೆ. ಇದಕ್ಕೆ ಸುರಂಗ ಬೇಕಿಲ್ಲ, ಬಂಡೆ ಅವುಗಳಿಗೆ ಅಡ್ಡಿಯೇ ಅಲ್ಲ. 295 ಕಿ.ಮೀ. ಆಚೆ, ಕಮಿಯೊಕಾದ ಗಣಿಯೊಳಗೆ, 50,000 ಟನ್ ನೀರು ತುಂಬಿದ ಸೂಪರ್-ಕಮಿಯೊಕಾಂಡೆ ಎಂಬ ಶೋಧಕ ಅವುಗಳಿಗಾಗಿ ಕಾದಿರುತ್ತದೆ. ಅಲ್ಲಿ ಮ್ಯೂವಾನ್ ಬಗೆಯವು ನಿರೀಕ್ಷೆಗಿಂತ ಕಡಿಮೆ ಸಿಗುತ್ತವೆ, ಕೆಲವು ಎಲೆಕ್ಟ್ರಾನ್ ಬಗೆಗೆ ಬದಲಾಗಿ ಬಂದಿರುತ್ತವೆ. ಈ ರೂಪಾಂತರವೇ ನ್ಯೂಟ್ರಿನೊ ಆಂದೋಲನ. ನ್ಯೂಟ್ರಿನೊಗಳಿಗೆ ದ್ರವ್ಯರಾಶಿ ಇದೆ ಎಂದು ಜಗತ್ತಿಗೆ ತಿಳಿದದ್ದು ಇದರಿಂದಲೇ.

ಸೂಪರ್-ಕಮಿಯೊಕಾಂಡೆ 1998ರಲ್ಲಿ ಆಂದೋಲನದ ಪುರಾವೆಯನ್ನು ಮೊದಲು ಕಂಡದ್ದು ಕಿರಣಪುಂಜದಲ್ಲಲ್ಲ, ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೊಗಳಲ್ಲಿ. ಆ ಬಗೆಯ ನ್ಯೂಟ್ರಿನೊಗಳು ಮೊದಲು ಪತ್ತೆಯಾದದ್ದು 1965ರಲ್ಲಿ, ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ 2.3 ಕಿ.ಮೀ. ಆಳದಲ್ಲಿ. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಅವು ಕಂಡವು. ಕೋಲಾರದಲ್ಲಿ ದುಡಿದದ್ದು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು. ಅದಕ್ಕೂ ಮುಂಚೆ ಅವರಲ್ಲಿ ಕೆಲವರು ಇದೇ ಗಣಿಯಲ್ಲಿ ಆಳ ಹೆಚ್ಚಿದಂತೆ ವಿಶ್ವಕಿರಣಗಳಿಂದ ಹುಟ್ಟುವ ಮ್ಯೂವಾನ್ ಎಂಬ ಕಣಗಳು ಎಷ್ಟು ಇಳಿಮುಖವಾಗುತ್ತವೆ ಎಂದು ಅಳೆದಿದ್ದರು. ತೀರಾ ಆಳದಲ್ಲಿ ಉಪಕರಣಕ್ಕೆ ಒಂದೂ ಸಿಗಲಿಲ್ಲ. ಮ್ಯೂವಾನ್‌ಗಳ ಗದ್ದಲವಿಲ್ಲದ, ಅಷ್ಟು ನಿಶ್ಶಬ್ದವಾದ ಜಾಗದಲ್ಲಿ ನ್ಯೂಟ್ರಿನೊವನ್ನು ಹಿಡಿಯಬಹುದೆಂಬ ಭರವಸೆ ಹುಟ್ಟಿದ್ದು ಆ ಸೊನ್ನೆಯಿಂದ. ಈ ಕೆಲಸದ ಮುಂಚೂಣಿಯಲ್ಲಿದ್ದ ಬಿ.ವಿ. ಶ್ರೀಕಂಠನ್ ನಂಜನಗೂಡಿನಲ್ಲಿ ಹುಟ್ಟಿದವರು!

ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯೂ ನಮ್ಮದರಂತೆಯೇ ಮುಚ್ಚಿತು. ಈಗ ಅದು ಪ್ರಯೋಗಾಲಯ. ಸುಮಾರು 1,300 ಕಿ.ಮೀ. ದೂರದ ಫರ್ಮಿಲ್ಯಾಬ್ ಎಂಬ ಸಂಶೋಧನಾಲಯದಿಂದ ಬರಲಿರುವ ನ್ಯೂಟ್ರಿನೊ ಕಿರಣಪುಂಜಕ್ಕಾಗಿ ಅಲ್ಲಿ, ಸುಮಾರು ಒಂದೂವರೆ ಕಿ.ಮೀ. ಆಳದಲ್ಲಿ, ದ್ರವ ಆರ್ಗಾನ್‌ನ ಶೋಧಕಗಳು ಸಿದ್ಧವಾಗುತ್ತಿವೆ. 2001ರಲ್ಲಿ ಮುಚ್ಚಿದ ನಮ್ಮ ಗಣಿಯ ಆಳದಲ್ಲಿ ನೀರು ನಿಂತಿದೆ.

ಆ ಆಳವನ್ನು ಮತ್ತೆ ತೆರೆಯಿರಿ ಎಂದು ನಾನು ಕೇಳುತ್ತಿಲ್ಲ. ಚಾಂಪಿಯನ್ ರೀಫ್‌ನಲ್ಲಿ ಈ ಸಾಧನೆಯನ್ನು ಕನ್ನಡದಲ್ಲಿ ವಿವರಿಸುವ ಒಂದು ಫಲಕವನ್ನೂ ಪುಟ್ಟ ವಸ್ತುಪ್ರದರ್ಶನವನ್ನೂ ಸರ್ಕಾರ ಏರ್ಪಡಿಸಲಿ. ಪ್ರೌಢಶಾಲೆಯ ವಿಜ್ಞಾನ ಪಠ್ಯದಲ್ಲಿ ಇದಕ್ಕೆ ಒಂದು ಪುಟ ಕೊಡಲಿ. ಅಲ್ಲಿ ದುಡಿದ ಗಣಿ ಕಾರ್ಮಿಕರಲ್ಲಿ ಹಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ನೆನಪುಗಳನ್ನು ಈಗಲೇ ದಾಖಲಿಸಬೇಕು.

– ಒಬ್ಬ ವಿಜ್ಞಾನ ಶಿಕ್ಷಕ, ಕೋಲಾರ ಜಿಲ್ಲೆ