ಗ್ರಾಂ ಲೆಕ್ಕ ನೋಡಿ ವೀಲ್‌ಸೆಟ್ ಕೊಳ್ಳಬೇಡಿ

ಮಾನ್ಯ ಸಂಪಾದಕರೆ,

ವಿಜಯಪುರ, ಬಾಗಲಕೋಟೆ, ಗದಗ ಭಾಗದ ಮಕ್ಕಳು ಸೈಕ್ಲಿಂಗ್‌ನಲ್ಲಿ ಹೆಸರು ಮಾಡುತ್ತಿರುವುದು ಹೊಸ ಸುದ್ದಿಯೇನಲ್ಲ. ಮಗನೋ ಮಗಳೋ ರಾಜ್ಯ ತಂಡದ ಹತ್ತಿರ ಬಂದರೆ ಸಾಕು, ಮನೆಯವರು ಸಾಲ ಮಾಡಿಯಾದರೂ ಕಾರ್ಬನ್ ವೀಲ್‌ಸೆಟ್ (ಮುಂದಿನ–ಹಿಂದಿನ ಚಕ್ರಗಳ ಜೋಡಿ) ಕೊಡಿಸಲು ಹೊರಡುತ್ತಾರೆ. ಅಂಗಡಿಯಲ್ಲಿ ಕೇಳುವುದು ಮಾತ್ರ ಒಂದೇ ಪ್ರಶ್ನೆ: ‘ಎಷ್ಟು ಗ್ರಾಂ?’

ಆ ಗ್ರಾಂ ಲೆಕ್ಕವನ್ನೇ ಮೊದಲು ನೋಡೋಣ. ಸವಾರ 65 ಕೆ.ಜಿ., ಸೈಕಲ್ 9 ಕೆ.ಜಿ. ಎಂದಿಟ್ಟುಕೊಳ್ಳಿ. ಕಂಪನಿಯಿಂದ ಬಂದ ಎರಡು ಕೆ.ಜಿ.ಯ ಜೋಡಿ ಬಿಚ್ಚಿ 1,600 ಗ್ರಾಂನದು ಹಾಕಿದರೆ ಉಳಿಯುವುದು 400 ಗ್ರಾಂ, ಅಂದರೆ ಒಟ್ಟು ತೂಕದ ಶೇ 0.5ರಷ್ಟು. ಅರ್ಧ ಗಂಟೆಯ ಏರಿನಲ್ಲಿ ಇದರಿಂದ ಸಿಗುವುದು ಹೆಚ್ಚೆಂದರೆ ಹತ್ತು ಸೆಕೆಂಡು. ತಿರುಗುವ ತೂಕ ದುಪ್ಪಟ್ಟು ಎನ್ನುವ ಮಾತು ವೇಗ ಹೆಚ್ಚಿಸಿಕೊಳ್ಳುವ ಆ ಕ್ಷಣಕ್ಕಷ್ಟೇ ನಿಜ; ಒಂದೇ ವೇಗದಲ್ಲಿ ಹೋಗುವಾಗ ರಿಮ್‌ನ ಗ್ರಾಂಗೂ ನೀರಿನ ಬಾಟಲಿಯ ಗ್ರಾಂಗೂ ವ್ಯತ್ಯಾಸವಿಲ್ಲ. ಹಳೆ ಚಕ್ರಕ್ಕೇ ಒಳ್ಳೆಯ ಟೈರ್, ಹಗುರ ಟ್ಯೂಬ್ ಹಾಕಿದರೆ ಇದಕ್ಕಿಂತ ಹೆಚ್ಚು ಲಾಭ, ಅದೂ ಕಡಿಮೆ ದುಡ್ಡಿಗೆ. ಸ್ಪರ್ಧೆಯಲ್ಲಿ ವೇಗವಾಗಿ ಓಡಿಸುವವರಿಗೆ ಎತ್ತರದ ರಿಮ್ ಗಾಳಿ ಸೀಳುವುದರಿಂದ ಉಪಯೋಗ ಇದ್ದೇ ಇದೆ, ಅಲ್ಲ ಎನ್ನುವುದಿಲ್ಲ. ಆದರೆ ಕಪ್ಪತಗುಡ್ಡದ ಆಸುಪಾಸಿನಲ್ಲಿ ಆಷಾಢದ ಗಾಳಿಗೆ 45 ಕೆ.ಜಿ.ಯ ಹುಡುಗಿಗೆ ಮುಂದೆ 50 ಮಿ.ಮೀ. ಎತ್ತರದ ರಿಮ್ ಕೊಟ್ಟರೆ ಹ್ಯಾಂಡಲ್ ಕೈಯಲ್ಲಿ ನಿಲ್ಲುವುದಿಲ್ಲ. ಮುಂದಕ್ಕೆ 30–35 ಸಾಕು.

ಇನ್ನು ಚಕ್ರ ನಿಮ್ಮ ಸೈಕಲ್‌ಗೆ ಕೂರುತ್ತದೆಯೋ ಇಲ್ಲವೋ ಎಂಬುದು. ಟೈರ್ ಮೇಲೆ 622 (ಟೈರ್ ಕೂರುವ ಜಾಗದಲ್ಲಿ ರಿಮ್‌ನ ವ್ಯಾಸ, ಮಿ.ಮೀ.ನಲ್ಲಿ) ಎಂದಿದ್ದರೆ ಅದು 700ಸಿ ಅಥವಾ 29 ಇಂಚು, 584 ಇದ್ದರೆ 27.5, 559 ಇದ್ದರೆ ಹಳೆಯ 26. ಹಿಂದಿನ ಚಕ್ರದ ನಡುವಿನ ಹಬ್‌ನ ಅಗಲ, ರಿಮ್ಮನ್ನೇ ಒತ್ತುವ ರಿಮ್ ಬ್ರೇಕ್ ಇರುವ ರೋಡ್ ಸೈಕಲ್‌ಗೆ 130 ಮಿ.ಮೀ., ಹಳೆಯ ಎಂಟಿಬಿಗೆ (ಗುಡ್ಡಗಾಡಿನ ಮೌಂಟನ್ ಬೈಕ್) 135, ಫ್ರೇಮಿನೊಳಗೆ ತೂರಿಸಿ ಬಿಗಿಯುವ ಥ್ರೂ ಆಕ್ಸಲ್ ಆದರೆ 142, ಇನ್ನೂ ಅಗಲದ ಬೂಸ್ಟ್ ಅಳತೆ ಆದರೆ 148. ‘142ನ್ನೇ ಸ್ಪೇಸರ್ (ಸಂದು ತುಂಬುವ ಬಿಲ್ಲೆ) ಕೊಟ್ಟು ಬೂಸ್ಟ್ ಫ್ರೇಮಿಗೆ ಕೂರಿಸುತ್ತೇವೆ’ ಎನ್ನುವವರಿದ್ದಾರೆ. ಹಾಗೆ ಕೂರಿಸಿದರೆ ಬ್ರೇಕಿನ ಡಿಸ್ಕ್ ಕೂಡ 3 ಮಿ.ಮೀ. ಒಳಗೆ ಉಳಿಯುತ್ತದೆ, ಅದರಡಿಗೂ ಸ್ಪೇಸರ್ ಬೇಕು, ಇಲ್ಲದಿದ್ದರೆ ಡಿಸ್ಕ್ ಹಿಡಿಯುವ ಕ್ಯಾಲಿಪರ್‌ಗೆ ಹೊಂದುವುದಿಲ್ಲ. ಹಿಂದಿನ ಹಲ್ಲುಚಕ್ರಗಳ ಗುಚ್ಛ, ಅಂದರೆ ಕ್ಯಾಸೆಟ್, ಕೂರುವ ಫ್ರೀಹಬ್ ಬಾಡಿಯಲ್ಲೂ ಎಡವಟ್ಟಾಗುತ್ತದೆ. ಶಿಮಾನೊ 11 ಸ್ಪೀಡ್ ರೋಡ್ ಬಾಡಿ ಹಳೆಯದಕ್ಕಿಂತ 1.85 ಮಿ.ಮೀ. ಉದ್ದ. ಅದಕ್ಕೆ 8, 9 ಅಥವಾ 10 ಸ್ಪೀಡ್ ಕ್ಯಾಸೆಟ್ ಹಾಕುವಾಗ ಅಷ್ಟೇ ದಪ್ಪದ ಸ್ಪೇಸರ್ ಮರೆತರೆ ಲಾಕ್‌ರಿಂಗ್ ಪೂರ್ತಿ ಬಿಗಿದರೂ ಕ್ಯಾಸೆಟ್ ಗಡಗಡ ಅನ್ನುತ್ತದೆ. ಎಂಟಿಬಿಯ 12 ಸ್ಪೀಡ್‌ಗೆ ಮೈಕ್ರೋ ಸ್ಪ್ಲೈನ್, ಎಕ್ಸ್‌ಡಿ ಎಂದು ಬೇರೆ ಬೇರೆ ಬಾಡಿಗಳಿವೆ. ಯಾವುದೆಂದು ಬಿಲ್ ಮೇಲೇ ಬರೆಸಿಕೊಳ್ಳಿ.

ಅಪಾಯದ ವಿಷಯ ಹುಕ್‌ಲೆಸ್ ರಿಮ್. ಟೈರಿನ ಅಂಚು ಹಿಡಿಯುವ ಕೊಕ್ಕೆ ಇದರಲ್ಲಿ ಇರುವುದಿಲ್ಲ. ಹುಕ್‌ಲೆಸ್‌ಗೆ ಆಗುತ್ತದೆ ಎಂದು ಬರೆದಿರುವ ಟ್ಯೂಬ್‌ಲೆಸ್ ಟೈರ್ ಮಾತ್ರ ಹಾಕಬೇಕು, ರೋಡ್ ಟೈರಿಗೂ ಗಾಳಿ 5 ಬಾರ್, ಅಂದರೆ 72 ಪಿಎಸ್‌ಐ ದಾಟಬಾರದು. ನಮ್ಮಲ್ಲಿ 100–110 ಹೊಡೆಸುವುದು ರೂಢಿ, ಅದೂ ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಲ್ಲಿ! 2024ರ ಯುಎಇ ಟೂರ್‌ನಲ್ಲಿ ಬೆಲ್ಜಿಯಂನ ಥಾಮಸ್ ಡಿ ಗೆಂಟ್ ಟೈರ್ ರಿಮ್ ಬಿಟ್ಟು ಬಿದ್ದಾಗ ವೃತ್ತಿಪರರ ನಡುವೆಯೇ ಈ ಬಗ್ಗೆ ದೊಡ್ಡ ವಾದ ಎದ್ದಿತ್ತು. ಮಕ್ಕಳಿಗೆ ಹುಕ್ ಇರುವ, ಒಳ ಅಗಲ 19–21 ಮಿ.ಮೀ. ಇರುವ ಅಲ್ಯೂಮಿನಿಯಂ ರಿಮ್, 28 ಮಿ.ಮೀ. ಅಗಲದ ಟೈರ್ ಸಾಕು. ಎಂಟಿಬಿಗೆ ಒಳ ಅಗಲ 25–30, ಟೈರ್ 2.25 ಇಂಚಿನಿಂದ ಮೇಲೆ. ಆದರೆ ಟೈರಿಗೂ ಫ್ರೇಮಿಗೂ ನಡುವೆ ಎರಡೂ ಕಡೆ ಕನಿಷ್ಠ 5–6 ಮಿ.ಮೀ. ಜಾಗ ಬಿಡಿ. ಮಳೆ ಬಿದ್ದ ಎರೆ ಮಣ್ಣು ಅಲ್ಲಿ ಕಚ್ಚಿಕೊಂಡರೆ ಚಕ್ರ ತಿರುಗುವುದೇ ಇಲ್ಲ. ಬಳ್ಳಾರಿ ಜಾಲಿಯ ಮುಳ್ಳಿಗೆ ಟ್ಯೂಬ್‌ಲೆಸ್ಸೇ ಮದ್ದು: ಎಂಟಿಬಿ ಟೈರಿಗೆ 80–100 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ). ನಮ್ಮ ಬಿಸಿಲಿಗೆ ಎರಡು–ಮೂರು ತಿಂಗಳಲ್ಲಿ ಒಣಗುತ್ತದೆ, ಮತ್ತೆ ತುಂಬಬೇಕು.

ರಿಮ್ ಬ್ರೇಕ್ ಸೈಕಲ್‌ಗೆ ಕಾರ್ಬನ್ ರಿಮ್ ಬೇಡವೇ ಬೇಡ. ಚಾರ್ಮಾಡಿ, ಆಗುಂಬೆಯಂಥ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ರಿಮ್ ಕಾದು ಕಾರ್ಬನ್ ಎಳೆಗಳನ್ನು ಅಂಟಿಸಿದ ರಾಳ ಮೆತ್ತಗಾಗುತ್ತದೆ. ಮಳೆಯಲ್ಲಿ ಬ್ರೇಕ್ ಹಿಡಿಯುವುದೂ ತಡ.

ಕಡ್ಡಿಗಳ ಬಗ್ಗೆ ಯಾರೂ ಕೇಳುವುದೇ ಇಲ್ಲ, ದೂರು ಬರುವುದು ಮಾತ್ರ ಅದರದೇ. ಹಿಂದಿನ ಚಕ್ರದ ಬಲಗಡೆ ಕಡ್ಡಿಗಳ ಬಿಗಿತ ಸುಮಾರು 110–120 ಕೆ.ಜಿ. ಬಲದಷ್ಟಿರಬೇಕು, ಎಡಗಡೆ ಅದರ ಅರ್ಧಕ್ಕಿಂತ ತುಸು ಹೆಚ್ಚು. ಸಡಿಲವಿದ್ದರೆ ಪ್ರತಿ ಸುತ್ತಿನಲ್ಲೂ ನೆಲದ ಕಡೆ ಬಂದ ಕಡ್ಡಿ ಜೋತು ಮತ್ತೆ ಸೆಟೆಯುತ್ತದೆ, ಹಬ್‌ಗೆ ಸಿಕ್ಕಿಸಿದ ಬಾಗಿನಲ್ಲಿ ಲೋಹ ದಣಿದು ತುಂಡಾಗುತ್ತದೆ. ಬಿಗಿ ಮಾಡಿದ ಕಡ್ಡಿ ಮುರಿಯುತ್ತದೆ ಎಂಬ ನಂಬಿಕೆ ತಲೆಕೆಳಗು. ಬೆಂಡು ತೆಗೆಯುವವರು ಕಣ್ಣಂದಾಜಿಗೆ ಬಿಡದೆ ಟೆನ್ಶನ್ ಮೀಟರ್ ಹಿಡಿಯಬೇಕು, ಜೋಡಿ ಕಡ್ಡಿಗಳನ್ನು ಕೈಯಲ್ಲಿ ಹಿಚುಕಿ ಮತ್ತೊಮ್ಮೆ ಅಳೆಯಬೇಕು. ಹೊಸ ಚಕ್ರ 150–200 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿಸಿ.

ಕಡ್ಡಿಗಳ ಸಂಖ್ಯೆ 28 ಅಥವಾ 32, ಡಬಲ್ ಬಟೆಡ್ (ಎರಡು ತುದಿ ದಪ್ಪ, ನಡುವೆ ತೆಳು), ತುದಿ ಬಾಗಿದ ಸಾಮಾನ್ಯ ಜೆ-ಬೆಂಡ್ ಕಡ್ಡಿ ಇರುವುದನ್ನೇ ಆರಿಸಿ. ಚಕ್ರದ ಕಂಪನಿಯವರೇ ಮಾಡುವ ಚಪ್ಪಟೆ ನೇರ ಕಡ್ಡಿ ಒಂದು ಮುರಿದರೂ ಊರಲ್ಲಿ ಸಿಗುವುದಿಲ್ಲ, ಪಾರ್ಸೆಲ್ ಬರುವವರೆಗೆ ಅಭ್ಯಾಸ ನಿಂತಿತು. ಬೇರಿಂಗ್‌ನಲ್ಲೂ ಹೀಗೆಯೇ: ಹಬ್‌ನಲ್ಲಿ 6902ರಂಥ ಸಾಮಾನ್ಯ ನಂಬರ್ ಇದ್ದರೆ ನಗರದ ಬೇರಿಂಗ್ ಅಂಗಡಿಯಲ್ಲೇ ಸಿಕ್ಕೀತು. ದುಡ್ಡು ಕೊಡುವ ಮುನ್ನ ಮುಂದಿನದು, ಹಿಂದಿನ ಎಡ, ಹಿಂದಿನ ಬಲ ಹೀಗೆ ಪ್ರತಿ ಅಳತೆಯ ನಾಲ್ಕು ನಾಲ್ಕು ಬಿಡಿ ಕಡ್ಡಿಗಳನ್ನು ನಿಪ್ಪಲ್ (ಕಡ್ಡಿಯನ್ನು ರಿಮ್‌ಗೆ ಬಿಗಿಯುವ ನಟ್ಟು) ಸಮೇತ ಕೇಳಿ ತೆಗೆದುಕೊಳ್ಳಿ. ಕೊಡಲಾಗದು ಎನ್ನುವ ಅಂಗಡಿಯಲ್ಲಿ ಆ ಚಕ್ರ ಕೊಳ್ಳಬೇಡಿ.

– ಒಬ್ಬ ಸೈಕಲ್ ಮೆಕ್ಯಾನಿಕ್, ಬಾಗಲಕೋಟೆ