ಬಡ್ತಿ ಸಂದರ್ಶನ ಮಂಡಳಿಯಲ್ಲಿ ಯಾರಿರುತ್ತಾರೆಂದು ಮೊದಲೇ ತಿಳಿಸಿ: ಸಾಗರದ ಶಾಸಕರಿಗೊಂದು ಬಹಿರಂಗ ಪತ್ರ

ಸಾಗರ ವಿಧಾನಸಭಾ ಕ್ಷೇತ್ರದ ಮಾನ್ಯ ಶಾಸಕರಿಗೆ ಗೌರವಪೂರ್ವಕ ವಂದನೆಗಳು.

ಸರ್ಕಾರದ ಅಧೀನ ಸಂಸ್ಥೆಗಳಲ್ಲಿ ಬಡ್ತಿಗಾಗಿ ನಡೆಯುವ ಸಂದರ್ಶನಗಳಲ್ಲಿ ಪಕ್ಷಪಾತವಾಗಿದೆ ಎಂಬ ದೂರು ನ್ಯಾಯಾಲಯದ ಮುಂದೆ ಏಕೆ ನಿಲ್ಲುವುದಿಲ್ಲ, ಆ ವಿಷಯದಲ್ಲಿ ಶಾಸಕರಾದ ತಾವು ಏನು ಮಾಡಬಹುದು ಎಂಬುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಅಂಥದೇ ಒಂದು ಸಂಸ್ಥೆಯ ಆಡಳಿತ ಶಾಖೆಯಲ್ಲಿ ನೌಕರರ ಸೇವಾ ಕಡತಗಳನ್ನು ನೋಡಿಕೊಂಡು ನಿವೃತ್ತನಾದವನು.

ಸರ್ಕಾರದ ಬಹುತೇಕ ಇಲಾಖೆಗಳಲ್ಲಿ ಬಡ್ತಿಗೆ ಸಂದರ್ಶನವಿಲ್ಲ. ಜ್ಯೇಷ್ಠತಾ ಪಟ್ಟಿಯನ್ನೂ ಕಾರ್ಯನಿರ್ವಹಣಾ ವರದಿಗಳನ್ನೂ ನೋಡಿ ಇಲಾಖಾ ಮುಂಬಡ್ತಿ ಸಮಿತಿ ತೀರ್ಮಾನಿಸುತ್ತದೆ. ಆದರೆ ವಿಶ್ವವಿದ್ಯಾಲಯಗಳ ಬೋಧಕರಿಗೆ ಮತ್ತು ಕೆಲವು ನಿಗಮ, ಮಂಡಳಿಗಳ ಮೇಲಿನ ಹುದ್ದೆಗಳಿಗೆ ಸಂದರ್ಶನವೇ ಕೊನೆಯ ಮೆಟ್ಟಿಲು. ಕಾರ್ಗಲ್ಲಿನಲ್ಲೋ ಹೊಸನಗರದ ಆಚೆಯ ನಗರವೆಂಬ ಊರಿನಲ್ಲೋ ವರ್ಷಗಟ್ಟಲೆ ದುಡಿದ ನೌಕರನ ಮುಖ ಕೂಡ ಬೆಂಗಳೂರಿನ ಮೇಲಧಿಕಾರಿಗಳಿಗೆ ಗೊತ್ತಿರುವುದಿಲ್ಲ. ಅವರ ಪಕ್ಕದ ಕೊಠಡಿಯಲ್ಲೇ ಕೆಲಸ ಮಾಡುವವರ ಜೊತೆಗೆ ಇವನೂ ಅದೇ ಮಂಡಳಿಯ ಮುಂದೆ ಕೂರಬೇಕು. ಇದೊಂದೇ ಪಕ್ಷಪಾತವಾಗುತ್ತದೆಂದು ನಾನು ಹೇಳುವುದಿಲ್ಲ. ಆದರೆ ಮಂಡಳಿಯಲ್ಲಿ ಕೂತವರು ಯಾರು, ಅವರಿಗೂ ಅಭ್ಯರ್ಥಿಗಳಿಗೂ ಏನು ಸಂಬಂಧ ಎಂಬುದನ್ನು ಬರಹದಲ್ಲಿ ಇಡುವುದು ಮಲೆನಾಡಿನ ಮೂಲೆಯ ನೌಕರನಿಗೆ ಎಲ್ಲರಿಗಿಂತ ಹೆಚ್ಚು ಅಗತ್ಯ.

ಈ ವಿಷಯದ ಮೂಲ ತೀರ್ಪು ಅರಣ್ಯ ಸೇವೆಗೆ ಸಂಬಂಧಿಸಿದ್ದು. ಭಾರತೀಯ ಅರಣ್ಯ ಸೇವೆಯನ್ನು 1966ರಲ್ಲಿ ರಚಿಸಿದ ಮೇಲೆ ಜಮ್ಮು ಮತ್ತು ಕಾಶ್ಮೀರದ ಅಧಿಕಾರಿಗಳನ್ನು ಅದಕ್ಕೆ ಆರಿಸಲು ಒಂದು ಮಂಡಳಿ ನೇಮಕವಾಯಿತು. ಅಲ್ಲಿನ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಆ ಮಂಡಳಿಯ ಸದಸ್ಯರೂ ಹೌದು, ಅದೇ ಆಯ್ಕೆಯ ಅಭ್ಯರ್ಥಿಯೂ ಹೌದು. ತಮ್ಮ ಹೆಸರು ಬಂದಾಗ ಅವರು ಎದ್ದು ಹೊರಗೆ ಹೋದರು. ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತೇ ಇದ್ದರು. 1969ರಲ್ಲಿ ಸುಪ್ರೀಂ ಕೋರ್ಟ್ ಕ್ರೈಪಾಕ್ ಪ್ರಕರಣದಲ್ಲಿ ಆ ಆಯ್ಕೆಯನ್ನು ರದ್ದು ಮಾಡಿತು. ಪಕ್ಷಪಾತ ನಡೆದೇ ಇದೆಯೆಂದು ಸಾಬೀತುಪಡಿಸಬೇಕಿಲ್ಲ, ಅದಕ್ಕೆ ಸಹಜವಾದ ಸಂಭವವಿತ್ತೇ ಎಂದು ನೋಡಿದರೆ ಸಾಕು ಎಂದಿತು. ತೀರ್ಪು ಬರೆದವರು ಆಗುಂಬೆ ಘಾಟಿ ಇಳಿದರೆ ಸಿಗುವ ಕಾರ್ಕಳ ತಾಲ್ಲೂಕಿನ ಕೌಡೂರಿನ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರು. ನಾಲ್ಕು ವರ್ಷಗಳ ನಂತರ ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೆ ಅವರನ್ನೂ ಇನ್ನಿಬ್ಬರು ಹಿರಿಯರನ್ನೂ ಬದಿಗಿಟ್ಟು ಕಿರಿಯರೊಬ್ಬರನ್ನು ನೇಮಿಸಿದಾಗ ಮೂವರೂ ರಾಜೀನಾಮೆ ಕೊಟ್ಟರು ಎಂಬುದನ್ನು ಇಲ್ಲಿ ನೆನೆಯದೆ ಇರಲಾರೆ.

ಇಷ್ಟು ಗಟ್ಟಿಯಾದ ತೀರ್ಪು ಇದ್ದೂ ನೌಕರರು ಸೋಲುವುದು ಏಕೆ? ಮಂಡಳಿ ಕೊಟ್ಟ ಅಂಕ ಸರಿಯೇ ತಪ್ಪೇ ಎಂದು ನ್ಯಾಯಾಲಯ ಮೇಲ್ಮನವಿಯಂತೆ ಕೂತು ನೋಡುವುದಿಲ್ಲ. ಸೋಳುಂಕೆ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಲಾಗಿದೆ, ಅದು ನ್ಯಾಯವಾಗಿಯೂ ಇದೆ. ಮಂಡಳಿಯ ರಚನೆ, ನಿಯಮಭಂಗ, ದುರುದ್ದೇಶ, ಇವಷ್ಟೇ ಪರಿಶೀಲನೆಗೆ ಬರುತ್ತವೆ. ದುರುದ್ದೇಶವೆಂದರೆ ಆ ಅಧಿಕಾರಿಯನ್ನು ಹೆಸರು ಹಿಡಿದು ಪ್ರತಿವಾದಿ ಮಾಡಿ, ಅದಕ್ಕೆ ಪುರಾವೆಯನ್ನೂ ಒದಗಿಸಬೇಕು. ಮಂಡಳಿಯ ರಚನೆಯ ಬಗ್ಗೆ ತಕರಾರಿದ್ದರೆ ಮೊದಲೇ ಎತ್ತಬೇಕು. ಸುಮ್ಮನೆ ಸಂದರ್ಶನಕ್ಕೆ ಕೂತು, ಆಯ್ಕೆಯಾಗದೆ ಹೋದ ಮೇಲೆ ಪ್ರಶ್ನಿಸುವಂತಿಲ್ಲ ಎಂದು 1995ರ ಮದನ್‌ಲಾಲ್ ಪ್ರಕರಣ ಹೇಳುತ್ತದೆ.

ನನ್ನ ಜೊತೆ ಕೆಲಸ ಮಾಡಿದ ಹೆಣ್ಣುಮಗಳೊಬ್ಬರು ಸಿಕ್ಕಿಬಿದ್ದದ್ದು ಇಲ್ಲಿಯೇ. ಖರೀದಿಯೊಂದರ ಬಗ್ಗೆ ಅವರು ಒಬ್ಬ ಮೇಲಧಿಕಾರಿಯ ವಿರುದ್ಧ ಲಿಖಿತ ದೂರು ಕೊಟ್ಟಿದ್ದರು. ಮುಂದೆ ಬಡ್ತಿ ಸಂದರ್ಶನಕ್ಕೆಂದು ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಕರೆ ಬಂದು ಒಳಗೆ ಕಾಲಿಟ್ಟಾಗ ಎದುರಿಗೆ ಕೂತಿದ್ದವರಲ್ಲಿ ಆ ಅಧಿಕಾರಿಯೂ ಇದ್ದರು. ಆ ಗಳಿಗೆಯಲ್ಲಿ ಅವರು ಏನು ಮಾಡಬೇಕಿತ್ತು? ಆಕ್ಷೇಪಿಸಿದರೆ ಉಳಿದ ಸದಸ್ಯರ ಮನಸ್ಸೂ ಕೆಡುತ್ತದೆ, ಆಕ್ಷೇಪಿಸದಿದ್ದರೆ ಕಾನೂನಿನ ಕಣ್ಣಿನಲ್ಲಿ ಒಪ್ಪಿಕೊಂಡಂತೆ ಆಗುತ್ತದೆ. ಅವರು ಕೂತು ಉತ್ತರಿಸಿದರು. ಬಡ್ತಿ ಸಿಗಲಿಲ್ಲ. ವಕೀಲರು ಮೊದಲು ಕೇಳಿದ್ದೇ, ‘ಅಲ್ಲೇ ಬರೆದುಕೊಟ್ಟಿರಾ?’ ಎಂದು. ರಿಟ್ ಅರ್ಜಿಯ ಮಾತು ಅಲ್ಲಿಗೇ ಮುಗಿಯಿತು.

ವಿಷಯ ತಿಳಿದೂ ಸುಮ್ಮನಿದ್ದರೆ ಮಾತ್ರ ಹಕ್ಕು ಬಿಟ್ಟುಕೊಟ್ಟಂತೆ ಎಂದು 1957ರ ಮಾಣಕ್‌ಲಾಲ್ ತೀರ್ಪಿನಲ್ಲಿದೆ. ಬಾಗಿಲು ದಾಟಿದ ಕ್ಷಣದಲ್ಲಿ ತಿಳಿದದ್ದನ್ನೂ ತಿಳಿದದ್ದೆಂದು ಎಣಿಸಿದರೆ ಆ ರಕ್ಷಣೆಯಿಂದ ಏನು ಉಪಯೋಗ? ಇದರ ಮೇಲೆ, ಸಂದರ್ಶಕರ ಹೆಸರನ್ನು ಮಾಹಿತಿ ಹಕ್ಕಿನಡಿ ಕೊಡಬೇಕಿಲ್ಲ ಎಂದು ಬಿಹಾರ ಲೋಕಸೇವಾ ಆಯೋಗದ ಪ್ರಕರಣದಲ್ಲಿ 2012ರಲ್ಲಿ ತೀರ್ಮಾನವಾಗಿದೆ. ಹೊರಗಿನ ಅಸಂಖ್ಯ ಅಭ್ಯರ್ಥಿಗಳಿರುವ ನೇಮಕಾತಿಯಲ್ಲಿ ಸಂದರ್ಶಕರ ಸುರಕ್ಷತೆಗಾಗಿ ಆ ಗೋಪ್ಯತೆ ಬೇಕಿರಬಹುದು. ಒಂದೇ ಸಂಸ್ಥೆಯ ಹತ್ತಾರು ನೌಕರರ ಬಡ್ತಿಯಲ್ಲಿ ಅದಕ್ಕೆ ಅರ್ಥವಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಮುಖ್ಯ ಕೋರಿಕೆ ಇದು: ಬಡ್ತಿ ಸಂದರ್ಶನವಿರುವ ಪ್ರತಿಯೊಂದು ಸಂಸ್ಥೆಯೂ ಮಂಡಳಿಯ ಸದಸ್ಯರ ಹೆಸರನ್ನು ಕನಿಷ್ಠ ಹದಿನೈದು ದಿನ ಮೊದಲು ಅಭ್ಯರ್ಥಿಗಳಿಗೆ ತಿಳಿಸಿ, ಲಿಖಿತ ಆಕ್ಷೇಪಣೆ ಪಡೆದು, ಕಾರಣಸಹಿತ ಉತ್ತರ ಕೊಡಬೇಕೆಂದು ನಿಯಮವಾಗಬೇಕು. ಅಭ್ಯರ್ಥಿಗಳ ಪಟ್ಟಿ ನೋಡಿದ ಮೇಲೆ ಪ್ರತಿ ಸದಸ್ಯರೂ ತಮಗೆ ಅವರಲ್ಲಿ ಯಾರೊಂದಿಗೂ ನೆಂಟಸ್ತಿಕೆಯಾಗಲಿ ವ್ಯಾಜ್ಯವಾಗಲಿ ಇಲ್ಲವೆಂದು ಸಹಿ ಮಾಡಬೇಕು. ಸಂಬಂಧಿಕರು ಅಭ್ಯರ್ಥಿಯಾಗಿದ್ದರೆ ಸದಸ್ಯರು ಹಿಂದೆ ಸರಿಯಬೇಕೆಂದು ಹರಿಯಾಣದ ಅಶೋಕ್ ಕುಮಾರ್ ಯಾದವ್ ಪ್ರಕರಣದಲ್ಲಿ 1985ರಲ್ಲೇ ಹೇಳಲಾಗಿದೆ. ಸದಸ್ಯರು ಬೇರೆಬೇರೆಯಾಗಿ ಕೊಟ್ಟ ಅಂಕಗಳ ಹಾಳೆಯನ್ನೂ ಸಂದರ್ಶನದ ಧ್ವನಿಮುದ್ರಣವನ್ನೂ ಕಾದಿಡಬೇಕು. ಮುದ್ರಿಸಿಕೊಳ್ಳುವುದು ಒಳ್ಳೆಯದೆಂದು ಅಜಯ್ ಹಾಸಿಯಾ ತೀರ್ಪು ಟೇಪ್ ರೆಕಾರ್ಡರ್ ಕಾಲದಲ್ಲೇ ಸೂಚಿಸಿತ್ತು. ಈಗ ಪ್ರತಿ ಕಚೇರಿಯಲ್ಲೂ ಕ್ಯಾಮೆರಾ ಇದೆ.

ಇದಕ್ಕೆ ಹಣ ಬೇಕಿಲ್ಲ. ದಾಖಲೆ ಸರಿಯಿಲ್ಲದಿದ್ದರೆ ಪ್ರಾಮಾಣಿಕವಾಗಿ ಆಯ್ಕೆಯಾದವರೂ ನರಳುತ್ತಾರೆ. 2011ರ ಗೆಜೆಟೆಡ್ ಪ್ರೊಬೇಷನರ್‌ಗಳ 362 ಹುದ್ದೆಗಳ ಆಯ್ಕೆಯನ್ನು ಸರ್ಕಾರ 2014ರಲ್ಲಿ ಹಿಂಪಡೆದು, 2018ರಲ್ಲಿ ಹೈಕೋರ್ಟ್ ರದ್ದು ಮಾಡಿ, 2022ರಲ್ಲಿ ವಿಧಾನಮಂಡಲ ಕಾಯ್ದೆಯ ಮೂಲಕ ಸಿಂಧುಗೊಳಿಸುವ ಹೊತ್ತಿಗೆ ಎಷ್ಟು ಕುಟುಂಬಗಳ ಎಷ್ಟು ವರ್ಷ ಹೋದವೆಂಬುದು ಸದನಕ್ಕೆ ಗೊತ್ತಿದೆ.

ಮುಂದಿನ ಅಧಿವೇಶನದಲ್ಲಿ ದಯವಿಟ್ಟು ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ, ಕೇಳಿ: ಬಡ್ತಿಗೆ ಸಂದರ್ಶನ ನಡೆಸುವ ನಿಗಮ, ಮಂಡಳಿ, ವಿಶ್ವವಿದ್ಯಾಲಯಗಳು ಯಾವುವು, ಅವುಗಳಲ್ಲಿ ಎಷ್ಟು ಸಂಸ್ಥೆಗಳು ಸದಸ್ಯರಿಂದ ಇಂಥ ಘೋಷಣೆ ಪಡೆಯುತ್ತಿವೆ? ಬಂದ ಉತ್ತರವನ್ನು, ಕಾಯ್ದೆಗಳಡಿ ಸರ್ಕಾರ ಮಾಡುವ ನಿಯಮಗಳನ್ನು ಪರಿಶೀಲಿಸುವ ಅಧೀನ ಶಾಸನ ರಚನಾ ಸಮಿತಿಯ ಗಮನಕ್ಕೂ ತನ್ನಿ. ತಾವು ಕರೆದರೆ ನಿಯಮದ ಕರಡಿನೊಂದಿಗೆ ತಮ್ಮ ಸಾಗರದ ಕಚೇರಿಗೆ ಬರಲು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಕ್ಷೇತ್ರದ ಮತದಾರ, ನಿವೃತ್ತ ನೌಕರ
ಸಾಗರ, ಶಿವಮೊಗ್ಗ ಜಿಲ್ಲೆ